ಮಗು ಮಲಗುವ ಕೋಣೆಯ ಗಾಳಿ: ಏರ್ ಪ್ಯೂರಿಫೈಯರ್ ಕೊಳ್ಳೋ ಮೊದಲು ಏನೇನು ನೋಡಬೇಕು?

ಪೀಣ್ಯದ ಅಮ್ಮ

ನಮ್ಮ ಮಗಳಿಗೆ ನಾಲ್ಕು ತುಂಬಿದೆ. ಹಗಲೆಲ್ಲ ಆರಾಮಾಗಿ ಆಡಿಕೊಂಡಿರುತ್ತಾಳೆ. ರಾತ್ರಿ ಮಲಗಿ ಸ್ವಲ್ಪ ಹೊತ್ತಿಗೆ ಒಣಕೆಮ್ಮು ಶುರುವಾಗುತ್ತೆ, ಬೆಳಗ್ಗೆ ಏಳುವಾಗ ಮೂಗು ಕಟ್ಟಿರುತ್ತೆ, ಮೇಲಿಂದ ಮೇಲೆ ಸೀನು. ಡಾಕ್ಟರು ಅಲರ್ಜಿಯಿಂದ ಬರೋ ಉಬ್ಬಸದ ಲಕ್ಷಣ ಅಂತ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. "ಮಲಗೋ ರೂಮಿನ ಗಾಳಿ ಚೆನ್ನಾಗಿಟ್ಟುಕೊಳ್ಳಿ" ಅಂತಲೂ ಅಂದರು. ಹೊರಗೆ ಇನ್ನೂ ತುಂಬ ಮಕ್ಕಳು ಕಾಯುತ್ತಿದ್ದರು, ಹೇಗೆ ಅಂತ ಬಿಡಿಸಿ ಕೇಳೋಕೆ ಆಗಲಿಲ್ಲ.

ನಮ್ಮದು ಪೀಣ್ಯ ಕಡೆ ಬಾಡಿಗೆ ಮನೆ, ಮೊದಲನೇ ಮಹಡಿ. ರೂಮು ಹತ್ತು ಅಡಿಗೆ ಹನ್ನೆರಡು. ಇರೋದು ಒಂದೇ ಕಿಟಕಿ, ಅದೂ ರಸ್ತೆ ಕಡೆಗೆ. ಎದುರು ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಸಂಜೆ ಐದೂವರೆಗೆ ಸೊಳ್ಳೆ ನುಗ್ಗುತ್ತೆ ಅಂತ ಕಿಟಕಿ ಹಾಕಿದರೆ ಬೆಳಗ್ಗೆವರೆಗೂ ತೆಗೆಯಲ್ಲ. ಹಾಲ್‌ನಲ್ಲಿ ಕಾಯಿಲ್ ಹಚ್ಚುತ್ತೀವಿ, ರೂಮಲ್ಲಿ ಪ್ಲಗ್ಗಿಗೆ ಹಾಕೋ ಲಿಕ್ವಿಡ್. ತಲೆಗೆ ಸ್ನಾನ ಮಾಡಿಸಿದ ದಿನ ಅತ್ತೆ ಮಗುವಿಗೆ ಲೋಬಾನ ಹಾಕುತ್ತಾರೆ. ದೇವರ ಗೂಡು ರೂಮಿನ ಬಾಗಿಲ ಪಕ್ಕದಲ್ಲೇ ಇದೆ, ಊದಿನಕಡ್ಡಿ ಎರಡು ಹೊತ್ತು. ನಾವು ಮೂವರೂ ಒಂದೇ ರೂಮಲ್ಲಿ ಮಲಗೋದು.

ಗಂಡ ಹನ್ನೆರಡು ಸಾವಿರದ ಪ್ಯೂರಿಫೈಯರ್ ನೋಡಿಟ್ಟಿದ್ದಾರೆ. ತಗೊಳ್ಳೋದಾ? ಅದೊಂದೇ ಸಾಕಾಗುತ್ತಾ?

ಮಕ್ಕಳ ಡಾಕ್ಟರ್, ಮೈಸೂರು

ಮೊದಲು ಒಂದು ಮಾತು. ಬರೆದುಕೊಟ್ಟ ಇನ್‌ಹೇಲರನ್ನು ಸ್ಪೇಸರ್ (ಅದಕ್ಕೆ ಜೋಡಿಸುವ ಕೊಳವೆ) ಹಾಕಿ, ಹೇಳಿದಷ್ಟು ದಿನ ಕೊಡಿ. ಗಾಳಿ ಸರಿಯಾಯಿತು, ಕೆಮ್ಮು ಕಡಿಮೆಯಾಯಿತು ಅಂತ ನೀವೇ ನಿಲ್ಲಿಸಬೇಡಿ. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ.

ಈಗ ಕೋಣೆಗೆ ಬರೋಣ. ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಕಾಯಿಲ್. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಮಲೇಷ್ಯಾದ ಕಾಯಿಲ್‌ಗಳನ್ನು ಉರಿಸಿ ಅಳೆದು ನೋಡಿದ್ದರು. ಒಂದು ಕಾಯಿಲ್ ಪೂರ್ತಿ ಉರಿದಾಗ ಬಿಡುವ ಪಿಎಂ 2.5 ಕಣ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ ಎಂದು ಕಂಡಿತು. ಹಾಲ್‌ನಲ್ಲಿ ಹಚ್ಚಿದರೂ ಬಾಗಿಲ ಸಂದಿಯಿಂದ ಕೋಣೆಗೆ ಬಂದೇ ಬರುತ್ತದೆ. ಪಿಎಂ 2.5 ಅಂದರೆ 2.5 ಮೈಕ್ರಾನ್‌ಗಿಂತ ಚಿಕ್ಕ ಕಣ, ಮೂಗಿನ ಕೂದಲು ಅದನ್ನು ತಡೆಯುವುದಿಲ್ಲ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅದೇ ಕೋಣೆಯಲ್ಲಿ ಮಲಗಿದ್ದರೂ ಅವಳ ಪಾಲಿಗೆ ಬರುವುದು ನಿಮಗಿಂತ ಜಾಸ್ತಿ.

ಲೋಬಾನ, ಊದಿನಕಡ್ಡಿಗಳದ್ದೂ ಹೊಗೆಯೇ. ಪರಿಮಳ ಇದ್ದ ಮಾತ್ರಕ್ಕೆ ಶ್ವಾಸನಾಳಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಿಕ್ವಿಡ್ ಯಂತ್ರ ಕಾಯಿಲಿನಂತೆ ಹೊಗೆ ಬಿಡುವುದಿಲ್ಲ ನಿಜ, ಆದರೆ ಅದರಲ್ಲಿರುವುದು ಕೀಟನಾಶಕ. ಮುಚ್ಚಿದ ಕೋಣೆಯಲ್ಲಿ ಉಬ್ಬಸದ ಮಗುವಿನ ತಲೆಯ ಹತ್ತಿರ ರಾತ್ರಿಯಿಡೀ ಉರಿಯಬೇಕಿಲ್ಲ.

ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಬೆಂಗಳೂರಿನ ಮಕ್ಕಳಲ್ಲಿ ಉಬ್ಬಸದ ಪ್ರಮಾಣ ಹೇಗೆ ಏರಿತು ಅನ್ನುವುದನ್ನು ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ವರ್ಷಗಟ್ಟಲೆ ದಾಖಲಿಸಿದ್ದಾರೆ. 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು.

ಕರಾವಳಿ ಕಟ್ಟೋಣ

ನಾನು ಸಿವಿಲ್ ಇಂಜಿನಿಯರ್, ಮಂಗಳೂರು. ಡಾಕ್ಟರು ಹೊಗೆಯ ಬಗ್ಗೆ ಹೇಳಿದ್ದಾರೆ, ನಾನು ಕಿಟಕಿಯ ಬಗ್ಗೆ ಹೇಳುತ್ತೇನೆ.

ನಿಮ್ಮ ಕೋಣೆಯ ಎತ್ತರ ಹತ್ತು ಅಡಿ ಎಂದಿಟ್ಟುಕೊಂಡರೆ ಒಳಗಿರುವ ಗಾಳಿ 1200 ಘನ ಅಡಿ, ಹತ್ತಿರ ಹತ್ತಿರ 34 ಘನ ಮೀಟರ್. ಇಬ್ಬರು ದೊಡ್ಡವರು ಮತ್ತು ಒಂದು ಮಗು ನಿದ್ದೆಯಲ್ಲಿ ಗಂಟೆಗೆ ಸುಮಾರು 28 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ಕೋಣೆ ಪೂರ್ತಿ ಬಿಗಿಯಾಗಿದ್ದರೆ ಗಂಟೆಗೆ 800 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕ) ಏರಬೇಕು. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಬಾಗಿಲಡಿಯ ಸಂದಿಯಿಂದ ಸ್ವಲ್ಪ ಸೋರುವುದರಿಂದ ಅಷ್ಟು ಏರುವುದಿಲ್ಲ, ಆದರೂ ಇಂಥ ಕೋಣೆಗಳಲ್ಲಿ ಬೆಳಗಿನ ಜಾವಕ್ಕೆ 2000 ದಾಟುವುದು ಮಾಮೂಲು. ಆ ಅನಿಲ ಅಷ್ಟರಲ್ಲೇ ವಿಷವಾಗುತ್ತದೆ ಎಂದಲ್ಲ. ಒಳಗಿನ ಗಾಳಿ ಬದಲಾಗಿಲ್ಲ ಎಂಬುದಕ್ಕೆ ಅದು ಗುರುತು. ಅದರ ಜೊತೆಗೆ ಲಿಕ್ವಿಡ್ಡಿನ ಆವಿ, ಬೆವರಿನ ತೇವ, ಹಾಸಿಗೆಯ ದೂಳು ಎಲ್ಲವೂ ಒಳಗೇ ಉಳಿದಿದೆ ಎಂದು ತಿಳಿಯಬೇಕು.

ಪ್ಯೂರಿಫೈಯರ್ ಕಣಗಳನ್ನು ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಅದು ಮುಟ್ಟುವುದೂ ಇಲ್ಲ. ಸ್ಪ್ಲಿಟ್ ಎಸಿ ಹಾಕಿದರೂ ಅಷ್ಟೇ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೆ ಬಿಡುತ್ತದೆ. ಎಸಿ ಇದೆ ಅಂತ ಹೊಸ ಗಾಳಿ ಬರುತ್ತಿದೆ ಎಂದು ತುಂಬ ಜನ ನಂಬಿದ್ದಾರೆ.

ಹಾಗಾಗಿ ನಿಮ್ಮ ಮನೆಯಲ್ಲಿ ಬಿಡಿಸಬೇಕಾದ ಗಂಟು ಸೊಳ್ಳೆ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿದ್ದೀರಿ, ಕಿಟಕಿ ಮುಚ್ಚಿದ ಕೋಣೆಯೊಳಗೆ ಸೊಳ್ಳೆಗೆಂದು ಮದ್ದು ಹಾಕಿದ್ದೀರಿ. ಕಿಟಕಿಗೆ ಜಾಲರಿ, ಹಾಸಿಗೆಗೆ ಪರದೆ ಬಂದರೆ ಇವೆರಡೂ ಒಟ್ಟಿಗೆ ಹೋಗುತ್ತವೆ. ಹನ್ನೆರಡು ಸಾವಿರ ಕೊಡುವ ಮೊದಲು ಅಲ್ಲಿಂದ ಶುರು ಮಾಡಿ.

ಪೀಣ್ಯದ ಅಮ್ಮ

ಕಾಯಿಲ್ ಇವತ್ತಿಂದಲೇ ಬಂದ್. ಜಾಲರಿಗೆ ಮಾಲೀಕರು ಚೌಕಟ್ಟಿಗೆ ಮೊಳೆ ಹೊಡೆಯೋಕೆ ಬಿಡಲ್ಲ. ಅದಕ್ಕಿಂತ ಕಷ್ಟ ಲೋಬಾನದ್ದು. ಅತ್ತೆ ನನ್ನ ಗಂಡನನ್ನೂ ನಾದಿನಿಯನ್ನೂ ಹಾಗೇ ಬೆಳೆಸಿದ್ದು. ಶೀತ ಆಗಬಾರದು, ದೃಷ್ಟಿ ಆಗಬಾರದು ಅಂತ ಪ್ರೀತಿಯಿಂದ ಮಾಡ್ತಾರೆ. ಅವರಿಗೆ ನೋವಾಗದ ಹಾಗೆ ಹೇಗೆ ಹೇಳೋದು?

ಹಾಸನದ ಅಜ್ಜಿ

ನಾನೂ ಅತ್ತೆಯೇ ಕಣಮ್ಮ, ನಿಮ್ಮತ್ತೆ ಪರವಾಗಿ ಹೇಳ್ತೀನಿ ಕೇಳು.

ನಮ್ಮ ಮಕ್ಕಳಿಗೂ ಎಣ್ಣೆಸ್ನಾನ ಆದಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಕವುಚಿ, ಬುಟ್ಟಿ ಮೇಲೆ ತಲೆ ಒಣಗಿಸ್ತಿದ್ವಿ. ಆಗಿನ ಮನೆ ಹೆಂಚಿನದು. ನಡುವೆ ತೊಟ್ಟಿ, ಮೇಲೆ ಬಯಲು. ಹೊಗೆ ಹೆಂಚಿನ ಸಂದಿಯಲ್ಲಿ, ತೊಟ್ಟಿಯಲ್ಲಿ ಹೊರಟುಹೋಗ್ತಿತ್ತು, ಮಗು ಹತ್ರ ಘಮಲಷ್ಟೇ ಉಳೀತಿತ್ತು. ಈಗ ಮೇಲೆ ಆರ್‌ಸಿಸಿ, ಸುತ್ತ ಗೋಡೆ, ಕಿಟಕಿಗೆ ಗಾಜು. ಅದೇ ಚಿಟಿಕೆ ಸಾಂಬ್ರಾಣಿ ಇಲ್ಲಿ ಹಾಕಿದರೆ ಹೋಗೋದೆಲ್ಲಿಗೆ? ನನ್ನ ಮೊಮ್ಮಗನಿಗೆ ಉಬ್ಬಸ ಅಂತ ಗೊತ್ತಾದಾಗ ನಾನೇ ಕೂತು ಯೋಚನೆ ಮಾಡಿದ್ದು ಇದು, ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವರಿಗೆ "ನಿಮ್ಮ ಕಾಲದ್ದು ತಪ್ಪು" ಅನ್ನಬೇಡ. ಈ ಮನೆ ಬೇರೆ ಅನ್ನು. ಲೋಬಾನ ಹಾಕೋದು ತಲೆ ಒಣಗಲಿ ಅಂತ ತಾನೆ? ಅದಕ್ಕೆ ಹತ್ತಿ ಟವಲ್ಲಿನಲ್ಲಿ ಚೆನ್ನಾಗಿ ಒರೆಸಿ, ಬೆಳಗಿನ ಎಳೆಬಿಸಿಲಲ್ಲಿ ಟೆರೇಸ್ ಮೇಲೆ ಕೂರಿಸಿಕೊಳ್ಳೋ ಕೆಲಸ ಅವರಿಗೇ ಒಪ್ಪಿಸು. ಮಗುವನ್ನು ಆರೈಕೆ ಮಾಡೋ ಅಧಿಕಾರ ಅವರ ಕೈಯಲ್ಲೇ ಉಳೀಲಿ. ದೃಷ್ಟಿಗೆ ಬೊಟ್ಟು ಇಡಲಿ, ನೀವಾಳಿಸಲಿ. ಊದಿನಕಡ್ಡಿ ತುಳಸಿ ಹತ್ರ ಹಚ್ಚಿದರೂ ದೇವರಿಗೆ ಮುಟ್ಟುತ್ತೆ. ಒಳಗೆ ಹೂವು, ತುಪ್ಪದ ದೀಪ ಸಾಕು.

ಇನ್ನೊಂದು, ಯಾರ ಮನೇಲಾದರೂ ಬಾಣಂತಿ ಇದ್ದರೆ ಈ ಮಾತು ಕೇಳಿ. ಬಾಗಿಲು ಕಿಟಕಿ ಹಾಕಿ ಒಳಗೆ ಅಗ್ಗಿಷ್ಟಿಕೆ ಇಡಬೇಡಿ. ಆಗಿನ ಮನೆಗಳಲ್ಲಿ ನಡೀತಿತ್ತು, ಈಗಿನ ಮನೆಯಲ್ಲಿ ಅದು ಪ್ರಾಣಕ್ಕೆ ಬರುತ್ತೆ.

ಮಕ್ಕಳ ಡಾಕ್ಟರ್, ಮೈಸೂರು

ಅಜ್ಜಿಯ ಕೊನೆಯ ಮಾತನ್ನು ಎಲ್ಲರೂ ಇನ್ನೊಮ್ಮೆ ಓದಿ. ಕೆಂಡ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ತಲೆನೋವು, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ. ಮಕ್ಕಳ ಕೋಣೆಗೆ ಹೊಂದಿಕೊಂಡ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗಿನ ಗೋಡೆಗೆ ಸಾಗಿಸಿ. ಪ್ಯೂರಿಫೈಯರ್, ಜಾಲರಿ ಎಲ್ಲ ಆಮೇಲೆ. ಈ ಅನಿಲವನ್ನು ಯಾವ ಫಿಲ್ಟರೂ ತಡೆಯುವುದಿಲ್ಲ.

ಎದೆಗೆ ಮೂಗಿಗೆ ಕರ್ಪೂರ ಇರುವ ಬಾಮ್ ಹಚ್ಚುವವರಿಗೂ ಒಂದು ಮಾತು: ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಬಟ್ಟೆ ಬೀರುವಿನ ನ್ಯಾಫ್ತಲೀನ್ ಗುಳಿಗೆಯೂ ಅಷ್ಟೇ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣ ಒಡೆಯಬಹುದು. ಆ ಕೊರತೆ ಇದೆ ಅಂತ ಮೊದಲೇ ಗೊತ್ತಿರುವ ಮನೆಗಳು ಕಡಿಮೆ.

ಧಾರವಾಡದಾಂವ

ನಾವೂ ಬಾಡಿಗಿ ಮನ್ಯಾಗ ಇರೋರರೀ. ಮೊಳಿ ಹೊಡಿಯೂದು ಬ್ಯಾಡ. ಅಂಟಿಸೂ ವೆಲ್ಕ್ರೊ ಪಟ್ಟಿ ಸಿಗ್ತದ, ಜಾಲರಿ ಬಟ್ಟಿ ಮೀಟರ್ ಲೆಕ್ಕದಾಗ ಸಿಗ್ತದ. ಕಿಟಕಿ ಚೌಕಟ್ಟಿನ ದೂಳ ಒದ್ದಿ ಅರಿವಿಲೆ ಒರಸಿ, ಪೂರಾ ಒಣಗಿದ ಮ್ಯಾಲೆ ಪಟ್ಟಿ ಹಚ್ಚರಿ, ಇಲ್ಲಾಂದ್ರ ಬಿಚ್ಚಿ ಬರ್ತದ. ಮನಿ ಬಿಡೂವಾಗ ಕಿತ್ತಿ ತಗೊಂಡು ಹೋಗಬಹುದು. ಕೆಲವು ನೂರು ರೂಪಾಯಿದಾಗ ಮುಗಿದು ಹೋಗೂ ಕೆಲಸ.

ನಮ್ಮ ಕಡೆ ದೂಳಿನ ಕಾಟ ಭಾಳ. ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ 2019ರಾಗ ಶುರುವಾದಾಗ ಕರ್ನಾಟಕದಾಗ ನಾಕು ಊರು ಹಿಡದರು: ಬೆಂಗಳೂರು, ದಾವಣಗೆರೆ, ಕಲಬುರಗಿ, ನಮ್ಮ ಹುಬ್ಬಳ್ಳಿ-ಧಾರವಾಡ. ರಸ್ತೆ ಅಗದು ಹಂಗ ಬಿಟ್ಟಾರ, ಬಸ್ಸು ಹೋದ್ರ ಕೆಮ್ಮಣ್ಣ ಎದ್ದು ಒಳಗ ಬರ್ತದ.

ಅದಕ್ಕ ಮನಿಯೊಳಗ ಕಸಬರಗಿ ಬೀಸೂದು ಬಿಟ್ಟೀವಿ, ಅದರಲೆ ಸಣ್ಣ ದೂಳು ಗಾಳ್ಯಾಗ ಎದ್ದು ತಾಸುಗಟ್ಲೆ ತೇಲ್ತಿರ್ತದ. ಮೊದಲ ಒದ್ದಿ ಅರಿವಿಲೆ ಒರಸೂದು. ಅದೂ ಕೂಸು ಸಾಲಿಗೆ ಹೋದಾಗ. ಫ್ಯಾನಿನ ರೆಕ್ಕಿ ಮರೀಬ್ಯಾಡ್ರಿ. ಮ್ಯಾಲೆ ಕುಂತ ದೂಳು ರಾತ್ರಿ ಫ್ಯಾನ್ ಹಚ್ಚಿದ ಕೂಡ್ಲೆ ಮಲಗಿದ ಕೂಸಿನ ಮಾರಿ ಮ್ಯಾಲೇ ಬೀಳ್ತದ.

ನೋಯ್ಡಾ ಕನ್ನಡಿಗ

ಕರಾವಳಿ ಸರ್, ಕಿಟಕಿ ತೆಗೆಯಿರಿ ಅನ್ನೋದು ಎಲ್ಲ ಕಡೆಗೂ ಒಪ್ಪುವ ಮಾತಲ್ಲ. ನಾವು ಇಲ್ಲಿ ನವೆಂಬರಿನಲ್ಲಿ ಕಿಟಕಿ ತೆಗೆದರೆ ಮಗುವಿಗೆ ಹೊಗೆ ಕುಡಿಸಿದಂತೆಯೇ. ಪ್ಯೂರಿಫೈಯರ್ ಇಲ್ಲದೆ ಇಲ್ಲಿ ಚಳಿಗಾಲ ಕಳೆಯೋದು ನನಗಂತೂ ಯೋಚಿಸೋಕೂ ಆಗಲ್ಲ. ಪೀಣ್ಯದಲ್ಲೂ ಕೈಗಾರಿಕೆ ಇದೆ, ಎದುರಿಗೆ ಕಟ್ಟಡ ಕೆಲಸ ಇದೆ. ಯಂತ್ರ ಬೇಡವೇ ಬೇಡ ಅನ್ನಬೇಡಿ.

ಕೊಳ್ಳೋದಾದರೆ ಒಂದೇ ಸಂಖ್ಯೆ ನೋಡಿ, ಸಿಎಡಿಆರ್. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಲೆಕ್ಕ ಅದು. ಕೋಣೆಯ ಗಾಳಿ ಗಂಟೆಗೆ ಐದು ಸಲ ಫಿಲ್ಟರ್ ಮೂಲಕ ಹಾಯಬೇಕು ಅಂದುಕೊಂಡರೆ, 34 ಘನ ಮೀಟರಿಗೆ 170 ಬೇಕು. ಆದರೆ ಪೆಟ್ಟಿಗೆ ಮೇಲೆ ಬರೆದಿರೋದು ಅತಿ ಜೋರು ವೇಗದ ಸಂಖ್ಯೆ. ಆ ಸದ್ದಿನಲ್ಲಿ ಯಾವ ಮಗುವೂ ಮಲಗಲ್ಲ. ನಡು ವೇಗದಲ್ಲಿ 170 ಸಿಗಬೇಕು ಅಂದರೆ 250-300 ಇರೋದನ್ನೇ ತಗೊಳ್ಳಿ. ಸೂಕ್ಷ್ಮ ಕಣ ಹಿಡಿಯೋ ಹೆಪಾ ಫಿಲ್ಟರ್ ಇರಲಿ. ಅಯಾನೈಸರ್ (ಗಾಳಿಗೆ ವಿದ್ಯುದಾವೇಶ ಕೊಡೋ ಭಾಗ) ಇದ್ದರೆ ಆಫ್ ಮಾಡಿಡಿ, ಅದರಿಂದ ಓಝೋನ್ ಬರಬಹುದು, ಉಬ್ಬಸಕ್ಕೆ ಅದು ಒಳ್ಳೇದಲ್ಲ. ಫಿಲ್ಟರ್ ಬದಲಿಸೋ ಖರ್ಚನ್ನು ಮೊದಲೇ ವಿಚಾರಿಸಿ. ಯಂತ್ರ ಅಗ್ಗ, ಫಿಲ್ಟರ್ ದುಬಾರಿ ಅನ್ನೋ ಮಾಡೆಲ್‌ಗಳಿವೆ.

ಕರಾವಳಿ ಕಟ್ಟೋಣ

ನೋಯ್ಡಾದವರ ಮಾತು ಒಪ್ಪುತ್ತೇನೆ, ದೆಹಲಿಯ ನವೆಂಬರಿಗೆ ನನ್ನ ಸಲಹೆ ಹೊಂದುವುದಿಲ್ಲ. ಬೆಂಗಳೂರಿಗೆ ಹೊಂದುತ್ತದೆ, ಆದರೆ ಗಳಿಗೆ ನೋಡಿ ತೆಗೆಯಬೇಕು. ಚಳಿಗಾಲದ ಬೆಳಗಿನ ಜಾವ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೊಗೆ ಮೇಲೇಳುವುದಿಲ್ಲ. ಅದರ ಮೇಲೆ ಎಂಟರಿಂದ ಹತ್ತರವರೆಗೆ ವಾಹನ. ಬಿಸಿಲೇರಿದ ಮೇಲೆ, ಮಧ್ಯಾಹ್ನದಿಂದ ನಾಲ್ಕರವರೆಗೆ, ಗಾಳಿ ಮೇಲಕ್ಕೆದ್ದು ಬೆರೆಯುತ್ತದೆ. ಆಗ ಕಿಟಕಿ, ಕೋಣೆಯ ಬಾಗಿಲು, ಹಿಂದಿನ ಅಡುಗೆಮನೆಯ ಕಿಟಕಿ ಮೂರನ್ನೂ ಒಟ್ಟಿಗೆ ತೆಗೆಯಿರಿ. ಒಂದೇ ಕಿಟಕಿ ತೆಗೆದರೆ ಗಾಳಿ ಒಳಗೆ ಬಂದು ನಿಲ್ಲುತ್ತದೆ, ಹಾಯಬೇಕಾದರೆ ಎರಡು ಬಾಯಿ ಬೇಕು. ರಾತ್ರಿ ಜಾಲರಿ ಹಾಕಿ ಕಿಟಕಿಯನ್ನು ನಾಲ್ಕು ಬೆರಳು ತೆಗೆದಿಡಿ.

ಹೊರಗಿನ ಸ್ಥಿತಿ ತಿಳಿಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ, ಪೀಣ್ಯದಲ್ಲೇ ಮಾಪನ ಕೇಂದ್ರವಿದೆ. ನಮ್ಮ ದೇಶದ 2009ರ ಮಾನದಂಡದಲ್ಲಿ ಪಿಎಂ 2.5ಕ್ಕೆ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆ್ಯಪಿನಲ್ಲಿ ಹಸಿರು ಕಂಡ ಕೂಡಲೇ ಮಗುವಿನ ಮಟ್ಟಿಗೆ ಎಲ್ಲ ಸರಿ ಎಂದುಕೊಳ್ಳಬಾರದು ಎಂಬುದಕ್ಕೆ ಇದನ್ನು ಹೇಳಿದೆ.

ತೀರ್ಥಹಳ್ಳಿ ಮಳೆ

ಎಲ್ಲರೂ ದೂಳು ಹೊಗೆ ಅಂತಿದ್ದೀರಿ. ನಮ್ಮಲ್ಲಿ ಅದಿಲ್ಲ, ಗಾಳಿ ಅಂದ್ರೆ ಕಾಡಿನ ಗಾಳಿ. ಆದ್ರೂ ಜೂನ್ ಬಂತು ಅಂದ್ರೆ ಮಗನಿಗೆ ಉಬ್ಬಸ. ಗೋಡೆ ಮೇಲೆ ಕಪ್ಪು ಬೂಷ್ಟು, ಹಾಸಿಗೆ ಮುಗ್ಗಲು ವಾಸನೆ. ಕಿಟಕಿ ತೆಗೆದ್ರೆ ಮಳೆಯ ಥಂಡಿ ಒಳಗೆ ಬರ್ತದೆ, ಹಾಕಿದ್ರೆ ಬೂಷ್ಟು ಹೆಚ್ಚಾಗ್ತದೆ. ಇದಕ್ಕೆ ಏನು ಮಾಡೋದು?

ಕರಾವಳಿ ಕಟ್ಟೋಣ

ಇದು ನನ್ನ ಊರಿನದೂ ತೊಂದರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೂಷ್ಟು ಇರುವುದು ಗೋಡೆ ಒದ್ದೆ ಇರುವುದರಿಂದ. ಒರೆಸಿದರೆ ಹೋಗುತ್ತದೆ, ಮುಂದಿನ ವಾರ ಮತ್ತೆ ಬರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಕಲೆ ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರವಿದ್ದರೆ ಅಡಿಪಾಯದಿಂದ ಏರುವ ತೇವ. ಕಿಟಕಿಯ ಮೂಲೆಯಿಂದ ಇಳಿದಿದ್ದರೆ ಸಜ್ಜೆಯ ಬಿರುಕು. ಪಡುವಣದ ಗೋಡೆ ಇಡಿಯಾಗಿ ಕಪ್ಪಾಗಿದ್ದರೆ ಇರಚಲು ಮಳೆ. ಮೂರಕ್ಕೂ ಮದ್ದು ಬೇರೆ, ಮೂರನ್ನೂ ಮಾಡಬೇಕಾದ್ದು ಬೇಸಿಗೆಯಲ್ಲಿ. ಹಳೆಯ ಮುರಕಲ್ಲಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಬಣ್ಣ ಉಬ್ಬಿ ಬರುತ್ತದೆ. ಸುಣ್ಣ ಹಚ್ಚಿದರೆ ಗೋಡೆ ಒಣಗುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ. ಹಿಂದಿನವರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದುದರಿಂದ ಈ ಲಾಭವೂ ಇತ್ತು.

ಇನ್ನು ಮಳೆಗಾಲದೊಳಗೆ ಮಾಡುವಂಥದ್ದು. ಮಗುವಿನ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ, ಒಂದು ಬಕೆಟ್ ಹಿಂಡಿದ ಬಟ್ಟೆಯಿಂದ ಒಂದೆರಡು ಲೀಟರ್ ನೀರು ಆ ಕೋಣೆಯ ಗಾಳಿಗೇ ಸೇರುತ್ತದೆ. ಬೀರು, ಮಂಚ ಹೊರಗೋಡೆಗೆ ತಾಗದಂತೆ ನಾಲ್ಕು ಇಂಚು ಮುಂದೆ ಇರಲಿ. ತೇವಾಂಶ ಅಳೆಯುವ ಒಂದು ಹೈಗ್ರೊಮೀಟರ್ ತೆಗೆದುಕೊಳ್ಳಿ, ತುಂಬ ಬೆಲೆಯದ್ದಲ್ಲ. ತೇವಾಂಶ ಶೇ 60ರೊಳಗೆ ಇರಬೇಕು, ಶೇ 50 ಆದರೆ ಉತ್ತಮ. ಆಗುಂಬೆಯ ಸುತ್ತಿನ ಆಷಾಢದಲ್ಲಿ ಕಿಟಕಿ ತೆಗೆದು ಆ ಅಂಕಿ ಮುಟ್ಟಲು ಸಾಧ್ಯವಿಲ್ಲ. ಇಲ್ಲಿ ಮಾತ್ರ ನಾನು ಯಂತ್ರದ ಪರ: ಪ್ಯೂರಿಫೈಯರ್ ಅಲ್ಲ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್. ದಿನಕ್ಕೆ ಹತ್ತು ಲೀಟರಿಗಿಂತ ಹೆಚ್ಚು ನೀರು ತೆಗೆಯುವಂಥದ್ದು. ಅದನ್ನು ನಡೆಸುವಾಗ ಕಿಟಕಿ ಮುಚ್ಚಿರಬೇಕು. ಎಸಿ ಇದ್ದರೆ ಡ್ರೈ ಮೋಡ್ ಕೂಡ ಸಾಕಷ್ಟು ಕೆಲಸ ಮಾಡುತ್ತದೆ.

ಈಗಿರುವ ಬೂಷ್ಟನ್ನು ಸೋಪಿನ ನೀರಿನಿಂದ ಒರೆಸಿ, ಮಾಸ್ಕ್ ಹಾಕಿಕೊಂಡು, ಮಗು ಮನೆಯಲ್ಲಿಲ್ಲದಾಗ. ಬ್ಲೀಚನ್ನು ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಏಳುತ್ತದೆ.

ಮಕ್ಕಳ ಡಾಕ್ಟರ್, ಮೈಸೂರು

ಹಾಸಿಗೆಯ ಮಾತು ಬಂತು, ಅದಕ್ಕೆ ಸೇರಿಸುತ್ತೇನೆ. ರಾತ್ರಿ ಮಲಗಿದ ಮೇಲೇ ಕೆಮ್ಮು, ಎದ್ದ ಕೂಡಲೇ ಸೀನು ಅಂದರೆ ದೂಳಿನ ನುಸಿಯ ಮೇಲೆ ಅನುಮಾನ ಪಡಬೇಕು. ಕಣ್ಣಿಗೆ ಕಾಣದ ಹುಳ, ನಮ್ಮ ಚರ್ಮದ ಹೊಟ್ಟು ತಿಂದು ಹಾಸಿಗೆ ದಿಂಬಿನಲ್ಲಿ ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಒಣ ಹವೆಯಲ್ಲಿ ಸಾಯುತ್ತದೆ. ಅದರ ಹಿಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತು ತೇಲದೆ ಹಾಸಿಗೆಯಲ್ಲೇ ಕೂರುವುದರಿಂದ ಮೂಲೆಯಲ್ಲಿಟ್ಟ ಪ್ಯೂರಿಫೈಯರಿಗೆ ಅದು ಸಿಗುವುದು ಕಡಿಮೆ. ದಿಂಬಿಗೆ, ಹಾಸಿಗೆಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಹತ್ತಿ ಹಾಸಿಗೆಯನ್ನು ಕಡುಬಿಸಿಲಿಗೆ ಹಾಕಿ ಬಡಿಯುವುದು ಒಳ್ಳೆಯ ಪದ್ಧತಿ, ಬಡಿಯುವಾಗ ಮಗು ದೂರವಿರಲಿ. ಮೃದು ಗೊಂಬೆಗಳನ್ನು ಚೀಲಕ್ಕೆ ಹಾಕಿ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆದರೆ ಸಾಕು.

ಧಾರವಾಡದಾಂವ

ಒಂದು ಕೇಳೂದಿತ್ತರೀ. ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಇಟ್ಟರ ಗಾಳಿ ಚೊಕ್ಕ ಆಗ್ತದ ಅಂತ ನರ್ಸರಿದಾಗ ಹೇಳ್ತಾರ. ಖರೇನ?

ನೋಯ್ಡಾ ಕನ್ನಡಿಗ

1989ರ ನಾಸಾ ಅಧ್ಯಯನದಿಂದ ಹಬ್ಬಿದ ಮಾತು ಅದು. ಆ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ, ಕಿಟಕಿ ಸಂದಿಯಿಂದ ಸಹಜವಾಗಿ ಆಗುವ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಲೆಕ್ಕ ಬಂತು. ಈ ಕೋಣೆ 11 ಚದರ ಮೀಟರ್, ಕಡಿಮೆ ಅಂದರೂ 110 ಕುಂಡ. ಚೆಂದಕ್ಕೆ ಇಡಿ. ಉಬ್ಬಸದ ಮಗುವಿನ ಕೋಣೆಯಲ್ಲಿ ಸದಾ ಒದ್ದೆ ಇರೋ ಮಣ್ಣು ಬೇಡ, ಅದರಲ್ಲೂ ಬೂಷ್ಟು ಬರುತ್ತೆ.

ಪೀಣ್ಯದ ಅಮ್ಮ

ಎಲ್ಲರಿಗೂ ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ವೆಲ್ಕ್ರೊ ಜಾಲರಿ ಹಾಕಿಸಿದೆವು, ಹಾಸಿಗೆಗೆ ಸೊಳ್ಳೆಪರದೆ ಕಟ್ಟಿದೆವು. ಈಗ ರಾತ್ರಿ ಕಿಟಕಿ ಸ್ವಲ್ಪ ತೆಗೆದೇ ಮಲಗೋದು, ಲಿಕ್ವಿಡ್ ಬಿಟ್ಟಿದ್ದೀವಿ. ಹಾಸನದ ಅಜ್ಜಿಯವರು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಹೆಂಚಿನ ಮನೆಯ ಮಾತು ಬಂದಾಗ ಅವರೇ ಹೌದು ಅಂದರು. ಈಗ ತಲೆಸ್ನಾನ ಆದ ಮೇಲೆ ಅಜ್ಜಿ ಮೊಮ್ಮಗಳು ಟೆರೇಸ್ ಮೇಲೆ. ರಾತ್ರಿ ಕೆಮ್ಮು ಪೂರ್ತಿ ನಿಂತಿಲ್ಲ, ಆದರೆ ನಿದ್ದೆಯಿಂದ ಎದ್ದು ಕೂರೋದು ತಪ್ಪಿದೆ. ಇನ್‌ಹೇಲರ್ ನಡೀತಾ ಇದೆ. ಎದುರಿನ ಕಟ್ಟಡಕ್ಕೆ ಟೈಲ್ಸ್ ಕೊಯ್ಯೋ ಕೆಲಸ ಶುರುವಾಗಿದೆ, ಆ ದೂಳಿಗೆ ಬೇರೆ ದಾರಿ ಇಲ್ಲ, 280 ಸಿಎಡಿಆರ್ ಇರೋ ಯಂತ್ರ ತರಿಸ್ತಿದ್ದೀವಿ.

ಕೊನೇದು ಒಂದು ಪ್ರಶ್ನೆ. ರೂಮಿಗೆ ಹೊಸ ಬಣ್ಣ, ಅವಳಿಗೆ ಪುಟ್ಟ ಮಂಚ ಮಾಡಿಸಬೇಕು ಅಂತಿದ್ದೀವಿ. ನೋಡಬೇಕಾದ್ದು ಏನಾದರೂ ಇದೆಯಾ?

ಕರಾವಳಿ ಕಟ್ಟೋಣ

ಇದೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಮಂಚದ ಅಂಟಿನಿಂದ ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡ್ ಎಂಬ ಕಣ್ಣು ಮೂಗು ಉರಿಸುವ ಅನಿಲ ಬರುತ್ತಿರುತ್ತದೆ. ಕೊಳ್ಳಲೇಬೇಕಾದರೆ ಆ ಅನಿಲ ಕಡಿಮೆ ಬಿಡುವ ಇ-1 ಅಥವಾ ಇ-0 ದರ್ಜೆ ಕೇಳಿ, ಕೊಯ್ದ ಅಂಚುಗಳೆಲ್ಲ ಮುಚ್ಚಿರಲಿ. ಹಳೆಯ ಗಟ್ಟಿಮರದ ಮಂಚ ಸಿಕ್ಕರೆ ಅದೇ ಒಳ್ಳೆಯದು. ಬಣ್ಣ ಕಡಿಮೆ ವಿಒಸಿ (ಆವಿಯಾಗಿ ಗಾಳಿ ಸೇರುವ ರಾಸಾಯನಿಕ) ಇರುವ ನೀರಿನ ಬಣ್ಣವಾಗಿರಲಿ. ಬಳಿದ ಮೇಲೆ ಮಗು ಆ ಕೋಣೆಯಲ್ಲಿ ಮಲಗಬಾರದು, ವಾಸನೆ ಪೂರ್ತಿ ಹೋಗುವವರೆಗೆ ಹಗಲಿಡೀ ಕಿಟಕಿ ತೆರೆದಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಬಣ್ಣ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಕಿಟಕಿ ಬಾಗಿಲುಗಳ ಎನಾಮೆಲ್ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜುಕಾಗದ ಹಾಕಿಸಬೇಡಿ, ನೀರು ಹಚ್ಚಿ ಉಜ್ಜಲಿ. ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಎಸೆದುಬಿಡಿ.

ಪೀಣ್ಯದ ಅಮ್ಮ

ನಮ್ಮ ಕಿಟಕಿ ಖಂಡಿತ ಅದಕ್ಕಿಂತ ಹಳೇದು. ಹಾಗಾದರೆ ಬಣ್ಣ ಬೇಸಿಗೆ ರಜೆಗೆ, ಅವಳು ತುಮಕೂರಿನಲ್ಲಿ ನಮ್ಮಮ್ಮನ ಮನೆಯಲ್ಲಿರುವಾಗ. ನೀರು ಹಚ್ಚಿ ಉಜ್ಜೋ ಮಾತನ್ನು ಮಾಲೀಕರಿಗೂ ಪೇಂಟರಿಗೂ ಮೊದಲೇ ಹೇಳಿಡ್ತೀನಿ.